ಉದ್ದತ್ತೆ ಮತ್ತು ಮೆಟ್ಟಿಲಡಿಯ ಗೂಡು

ಕಚೇರಿಯಲ್ಲಿ ಅವಳನ್ನು ಎದುರಿಗೆ ಮೇಡಂ ಎನ್ನುತ್ತಿದ್ದರು, ಬೆನ್ನ ಹಿಂದೆ ಏಣಿ ಎನ್ನುತ್ತಿದ್ದರು. ಊರಿನ ಸಾರ್ವಜನಿಕ ಕಟ್ಟಡಗಳ ನಕ್ಷೆ ತಯಾರಾಗುವ ಆ ಕಚೇರಿಯಲ್ಲಿ ಅವಳಷ್ಟು ಎತ್ತರದ ಗಂಡಸೂ ಇರಲಿಲ್ಲ. ಬೀರುವಿನ ತಲೆಯ ಮೇಲಿನ ಧೂಳು ಕಾಣುತ್ತಿದ್ದದ್ದು ಅವಳೊಬ್ಬಳಿಗೇ. "ನಮ್ಮಲ್ಲಿ ಆಕಾಶಕ್ಕೆ ಏಣಿ ಹಾಕೋ ಕಷ್ಟ ಇಲ್ಲ, ಮೇಡಂನ ನಿಲ್ಲಿಸಿದ್ರೆ ಮುಗೀತು" ಎಂದು ಪಕ್ಕದ ಮೇಜಿನವನು ಹೊಸಬರಿಗೆಲ್ಲ ಹೇಳುತ್ತಿದ್ದ. ಬಲ್ಬು ಹೋದರೆ ಅವಳನ್ನು ಕರೆಯುತ್ತಿದ್ದರು. ಚಹಾಕ್ಕೆ ಹೊರಟಾಗ ಮಾತ್ರ ಕರೆಯುವುದು ಮರೆತುಹೋಗುತ್ತಿತ್ತು.

ಹರೆಯದಲ್ಲಿ ಈ ಎತ್ತರವೇ ಅವಳಿಗೆ ಮುಳುವಾಗಿತ್ತು. ಸಂಬಂಧ ಬೆಳೆಸಲು ಬಂದವರು ಅವಳು ಕುಳಿತಿರುವಷ್ಟು ಹೊತ್ತು ಒಪ್ಪಿಗೆಯ ಮುಖ ಮಾಡಿಕೊಂಡಿರುತ್ತಿದ್ದರು. ಎದ್ದು ನಿಂತ ಕೂಡಲೇ ಹುಡುಗ ತನ್ನ ತಾಯಿಯ ಮುಖ ನೋಡುತ್ತಿದ್ದ. ಆಮೇಲೆ ಬರುವವರೂ ನಿಂತರು, ಅವಳೂ ಕಾಯುವುದು ಬಿಟ್ಟಳು. ತಾಯಿ ತಂದೆ ಹೋದ ಮೇಲೆ ಅಣ್ಣನ ಮನೆಯಲ್ಲಿದ್ದಳು. ಅಣ್ಣನ ಮಗಳು ಹುಟ್ಟಿದಾಗ ಆ ಕೂಸನ್ನು ಸೊಂಟದಿಂದ ಇಳಿಸಿದವಳಲ್ಲ. "ಅತ್ತೆ ಸೊಂಟ ಅಂದ್ರೆ ಮಹಡಿ ಮನೆ ಇದ್ದಂಗೆ, ಇಳಿಯೋಕೆ ಮನಸ್ಸೇ ಬರಲ್ಲ ನೋಡು ಇವಳಿಗೆ" ಎಂದು ಅಣ್ಣ ನಗುತ್ತಿದ್ದ.

ಅಣ್ಣ ಊರಿನ ಇನ್ನೊಂದು ಕೊನೆಯಲ್ಲಿ ಸ್ವಂತ ಮನೆ ಕಟ್ಟಿಸಿದಾಗ ನಕ್ಷೆ ಬರೆದದ್ದು ಅವಳೇ. ಅಡುಗೆಮನೆಗೆ ಬೆಳಗಿನ ಬಿಸಿಲು ಬರುವಂತೆ, ಅತ್ತಿಗೆಯ ಮೊಣಕಾಲು ನೋವಿಗೆ ಅನುಕೂಲವಾಗುವಂತೆ ಎಲ್ಲವನ್ನೂ ಯೋಚಿಸಿ ಬರೆದಳು. ಹಿಂಬದಿಯಲ್ಲಿ ಒಂದು ಚಿಕ್ಕ ಕೋಣೆಯನ್ನೂ ಸೇರಿಸಿದಳು. ಅದು ಯಾರಿಗೆ ಎಂದು ಅವಳು ಬರೆಯಲಿಲ್ಲ, ಅವರೂ ಕೇಳಲಿಲ್ಲ. ಮನೆ ಎದ್ದು ನಿಂತ ಮೇಲೆ ನೋಡಲು ಹೋದರೆ ಆ ಕೋಣೆಯಲ್ಲಿ ಹಳೆಯ ಮಂಚ, ಖಾಲಿ ಡಬ್ಬಗಳು, ಕೂಸಿನ ಮುರಿದ ಸೈಕಲ್ಲು ತುಂಬಿದ್ದವು. "ಸಾಮಾನು ಇಡೋಕೆ ಒಂದು ರೂಮು ಮಾಡಿದ್ಯಲ್ಲ, ಪುಣ್ಯ ಬರ್ಲಿ ನಿಂಗೆ" ಎಂದಳು ಅತ್ತಿಗೆ. ಅದರಲ್ಲಿ ಕುಹಕವೇನೂ ಇರಲಿಲ್ಲ, ಮನಸಾರೆ ಹೇಳಿದ ಮಾತು. ಕಚೇರಿಗೆ ಹತ್ತಿರವೆಂಬ ನೆಪ ಹೇಳಿ ಒಂದು ಮಹಡಿಯ ಮೇಲೆ ಬಾಡಿಗೆ ಕೋಣೆ ಹಿಡಿದಳು. ಅಲ್ಲಿ ಒಂದು ಕುರ್ಚಿ, ಒಂದು ಮಂಚ, ಕಾಲು ಚಾಚಿದರೆ ಹೊದಿಕೆಯಿಂದ ಹೊರಗೆ ಬೀಳುವ ಪಾದಗಳು. ಎರಡನೆಯ ಕುರ್ಚಿ ತರಬೇಕೆಂದು ಮೊದಮೊದಲು ಅನಿಸುತ್ತಿತ್ತು. ಕೂರುವವರು ಯಾರು ಎಂದು ತರದೇ ಉಳಿದಳು.

ಹೀಗೆ ವರ್ಷಗಳು ಉರುಳಿ, ಅವಳ ತಲೆಗೂದಲು ಅರ್ಧ ಬೆಳ್ಳಗಾಗಿದ್ದ ಕಾಲಕ್ಕೆ ಕಚೇರಿಗೆ ಒಂದು ಶಿಶುವಿಹಾರದ ಕೆಲಸ ಬಂತು. ಚಿಕ್ಕ ಕೆಲಸ. ಸೇತುವೆ, ಬಸ್ ನಿಲ್ದಾಣ ಬರೆಯುವವರು ಅದನ್ನು ನೋಡಿ ಮೂಗು ಮುರಿದರು. "ಇದನ್ನ ಮೇಡಂಗೆ ಕೊಡಿ ಸಾರ್" ಎಂದರು. ದೊಡ್ಡ ಇಂಜಿನಿಯರು ಕಡತವನ್ನು ಅವಳ ಮೇಜಿನ ಮೇಲೆ ಇಟ್ಟು ಹೇಳಿದರು: "ಜಾಸ್ತಿ ತಲೆ ಕೆಡಿಸ್ಕೋಬೇಡಿ. ಹೋದ ವರ್ಷ ಹೈಸ್ಕೂಲ್ ಮಾಡಿದ್ವಲ್ಲ, ಅದನ್ನೇ ತಗೊಂಡು ಸಣ್ಣದು ಮಾಡಿ."

ಅವಳು ಹಾಗೆಯೇ ಮಾಡಿದಳು. ಒಗೆದ ಮೇಲೆ ಕುಗ್ಗಿದ ಬಟ್ಟೆಯ ಹಾಗೆ ಆ ಹೈಸ್ಕೂಲು ಕಾಗದದ ಮೇಲೆ ಕೂತಿತು. ಕೈ ತೊಳೆಯುವ ತೊಟ್ಟಿ ಎಷ್ಟು ಎತ್ತರಕ್ಕಿರಬೇಕು ಎಂಬುದೊಂದು ಗೊತ್ತಾಗಲಿಲ್ಲ. ಅದನ್ನು ಅಳೆದುಕೊಂಡು ಬರೋಣವೆಂದು ಟೇಪು ಹಿಡಿದು ಹಳೆಯ ಶಿಶುವಿಹಾರಕ್ಕೆ ಹೋದಳು.

ಅದು ಕಬ್ಬಿಣದ ಅಂಗಡಿಯೊಂದರ ಮೇಲಿನ ಹಜಾರ. ಮೆಟ್ಟಿಲುಗಳು ದೊಡ್ಡವರ ಕಾಲಿಗೆ ಮಾಡಿದವು. ಮಕ್ಕಳು ಎರಡೂ ಕೈ ಊರಿ ಬೆಟ್ಟ ಹತ್ತಿದಂತೆ ಹತ್ತುತ್ತಿದ್ದರು. ತೊಟ್ಟಿಯ ಮುಂದೆ ಇಟ್ಟಿಗೆ ಜೋಡಿಸಿ ಅದರ ಮೇಲೆ ಹಲಗೆ ಹಾಕಿದ್ದರು. ಶೌಚಾಲಯ ಕತ್ತಲ ಓಣಿಯ ತುದಿಗಿತ್ತು, ಒಬ್ಬರೇ ಹೋಗಲು ಹೆದರಿ ಮಕ್ಕಳು ತಡೆದುಕೊಂಡು ಚಡ್ಡಿ ಒದ್ದೆ ಮಾಡಿಕೊಳ್ಳುತ್ತಿದ್ದರು. ಕೆಳಗೆ ಕಬ್ಬಿಣ ಇಳಿಸಿದಾಗಲೆಲ್ಲ ನೆಲ ನಡುಗಿ, ಯಾವುದೋ ಮಗು ಬೆಚ್ಚಿ ಅಳುತ್ತಿತ್ತು. ಕಿಟಕಿಗಳು ಎಷ್ಟು ಎತ್ತರಕ್ಕಿದ್ದವೆಂದರೆ ಮಕ್ಕಳಿಗೆ ಆಕಾಶವಷ್ಟೇ ಕಾಣುತ್ತಿತ್ತು.

ಆ ಕಿಟಕಿ ನೋಡಿ ಅವಳಿಗೆ ತನ್ನದೇ ಬಾಲ್ಯ ನೆನಪಾಯಿತು. ಇಂಥದ್ದೇ ಒಂದು ಹಜಾರದಲ್ಲಿ, ಇಂಥದ್ದೇ ಗೋಡೆಯ ಕೆಳಗೆ ನಿಂತು, ಅಮ್ಮ ಬಂದಳೋ ಇಲ್ಲವೋ ಎಂದು ತಿಳಿಯದೆ ಮಧ್ಯಾಹ್ನವಿಡೀ ಸುಣ್ಣ ಕೆರೆಯುತ್ತಿದ್ದಳು. ಬಹುಶಃ ಆ ಕಿಟಕಿ ನೋಡಲೆಂದೇ ಇಷ್ಟು ಬೆಳೆದೆನೇನೋ ಎಂದುಕೊಂಡು ತನ್ನಷ್ಟಕ್ಕೆ ನಕ್ಕಳು.

ಅವಳು ಬಾಗಿಲಲ್ಲಿ ಕಾಣಿಸಿದಾಗ ಹಜಾರ ಗಪ್ಪೆಂದಿತು. ಒಂದು ಮಗು ತಲೆಯೆತ್ತಿ, ಇನ್ನೂ ಎತ್ತಿ, ಕೊನೆಗೆ ಹಿಂದಕ್ಕೆ ಬಿದ್ದು ಗೋಳೋ ಎಂದಿತು. ಟೀಚರಿಗೆ ನಗು ತಡೆಯಲಾಗಲಿಲ್ಲ. "ಬೇಜಾರ್ ಮಾಡ್ಕೋಬೇಡಿ ಮೇಡಂ. ಸ್ವಲ್ಪ ಕೂತ್ಬಿಡಿ ಕೆಳಗೆ, ಸರಿಹೋಗ್ತಾರೆ."

ಅವಳು ಕೆಳಗೆ ಕುಳಿತಳು. ಕುಳಿತ ಮೇಲೆ ಸ್ವಲ್ಪ ಸ್ವಲ್ಪವೇ ಮಕ್ಕಳು ಹತ್ತಿರ ಸರಿದರು. ಹಲ್ಲು ಬಿದ್ದ ಹುಡುಗನೊಬ್ಬ ಟೇಪಿನ ತುದಿ ಎಳೆದು, ಅದು ಸರ್ರನೆ ಒಳಗೆ ಓಡುವುದನ್ನು ನೋಡಿ, ಅವಳ ಮುಖ ನೋಡಿದ.

"ನೀವು ಯಾರ ಅತ್ತೆ?"

ಅಣ್ಣನ ಮಗಳು ನೆನಪಾದಳು. ಈಗ ಅವಳು ದೊಡ್ಡವಳು, ಬೇರೆ ಊರಿನಲ್ಲಿ ಕೆಲಸ, ಫೋನು ಅಪರೂಪ. "ಯಾರ ಅತ್ತೇನೂ ಅಲ್ಲಪ್ಪ" ಎಂದಳು.

"ಹಾಗಾದ್ರೆ ನಮ್ಮತ್ತೆ" ಎಂದು ಹುಡುಗ ತೀರ್ಪು ಕೊಟ್ಟ. ಮರುದಿನದ ಹೊತ್ತಿಗೆ ಅದು ಉದ್ದತ್ತೆ ಆಗಿತ್ತು.

ಹೌದು, ಮರುದಿನವೂ ಹೋದಳು. ತೊಟ್ಟಿಯ ಅಳತೆ ಮೊದಲ ದಿನವೇ ಮುಗಿದಿತ್ತು. ಆದರೆ ಮಕ್ಕಳು ಚಪ್ಪಲಿ ಎಲ್ಲಿ ಬಿಡುತ್ತಾರೆ, ಬಾಗಿಲ ಹಿಡಿಗೆ ಕೈ ಎಟುಕುತ್ತದೆಯೇ, ಬಿಟ್ಟು ಹೋಗುವ ತಾಯಂದಿರು ಎಲ್ಲಿ ನಿಂತು ಕಣ್ಣೊರೆಸಿಕೊಳ್ಳುತ್ತಾರೆ, ನೋಡುವುದು ಒಂದೇ ಎರಡೇ? ಬೆಳಿಗ್ಗೆ ಅಲ್ಲಿಗೆ ಹೋಗಿ ಆಮೇಲೆ ಕಚೇರಿಗೆ ಬರುವುದು ರೂಢಿಯಾಯಿತು. ಕಚೇರಿಯಲ್ಲಿ ಯಾರೂ ಗಮನಿಸಲಿಲ್ಲ, ಏಕೆಂದರೆ ಆ ದಿನಗಳಲ್ಲಿ ಬಲ್ಬು ಹೋಗಲಿಲ್ಲ.

ಆ ಹಜಾರದಲ್ಲಿ ಒಬ್ಬಳು ಹುಡುಗಿ ಇದ್ದಳು. ಅಜ್ಜಿ ಅವಳನ್ನು ಬಿಟ್ಟುಹೋದ ಕೂಡಲೇ ಓಡಿ ಟೀಚರ ಮೇಜಿನ ಕೆಳಗೆ ಸೇರಿ, ಚೀಲವನ್ನು ಅಪ್ಪಿಕೊಂಡು, ಮನೆಗೆ ಹೋಗುವವರೆಗೂ ಅಲ್ಲೇ ಇರುತ್ತಿದ್ದಳು. ಹಾಡಿಗೂ ಬರಳು, ಆಟಕ್ಕೂ ಬರಳು.

"ಎಳೆದ್ರೆ ಅಳ್ತಾಳೆ, ಬಿಟ್ರೆ ಸುಮ್ನಿರ್ತಾಳೆ. ಹಾಗಾಗಿ ಬಿಟ್ಟಿದೀವಿ" ಎಂದರು ಟೀಚರು. ಪಾಪ, ಅವರು ತಾನೇ ಏನು ಮಾಡಿಯಾರು? ಅಷ್ಟೊಂದು ಮಕ್ಕಳಿಗೆ ಅವರೊಬ್ಬರು, ಒಬ್ಬಳು ಆಯಾ.

ಉದ್ದತ್ತೆ ದಿನವೂ ಆ ಮೇಜಿನ ಪಕ್ಕಕ್ಕೇ ಕುಳಿತು ತನ್ನ ಪಾಡಿಗೆ ಗೀಚುತ್ತಿದ್ದಳು. ಒಂದು ದಿನ ಕೆಳಗಿನಿಂದ ದನಿ ಬಂತು.

"ಇದು ನನ್ ಮನೆ."

"ಹೌದಾ? ಚೆನ್ನಾಗಿದೆ. ಒಳಗೆ ಬರ್ಲಾ?"

ಹುಡುಗಿ ಅವಳನ್ನು ತಲೆಯಿಂದ ಕಾಲಿನವರೆಗೆ ಅಳೆದಳು. "ಜಾಗ ಇಲ್ಲ."

"ತಲೆ ಮಾತ್ರ ಇಡ್ತೀನಿ."

ಹುಡುಗಿ ಚೀಲವನ್ನು ಪಕ್ಕಕ್ಕೆ ಸರಿಸಿ "ಹೂಂ" ಎಂದಳು.

ಹೀಗೆ ಉದ್ದತ್ತೆ ನೆಲದ ಮೇಲೆ ಅಂಗಾತ ಮಲಗಿ ತಲೆಯನ್ನು ಮೇಜಿನ ಕೆಳಗೆ ತೂರಿಸಿದಳು. ಅವಳ ಕಾಲುಗಳು ಹಜಾರದ ನಡುವಿನವರೆಗೆ ಬಂದವು. ಮಕ್ಕಳಿಗೆ ಹೊಸ ಆಟ ಸಿಕ್ಕಿತು. ಸಾಲಾಗಿ ಬಂದು ಕಾಲುಗಳನ್ನು ಹಾರತೊಡಗಿದರು. ಆಯಾ ಬಾಯಿಗೆ ಸೆರಗು ಒತ್ತಿಕೊಂಡಳು.

ಆದರೆ ಅವಳು ನೋಡುತ್ತಿದ್ದದ್ದೇ ಬೇರೆ. ಅಲ್ಲಿಂದ ಲೋಕವೆಲ್ಲ ಬರೀ ಕಾಲು. ಬರುವ ಕಾಲು, ಹೋಗುವ ಕಾಲು, ಯಾವ ಗಳಿಗೆಯಲ್ಲಾದರೂ ಮೈಮೇಲೆ ಬರಬಹುದಾದ ಕಾಲು. ಮೇಜಿನ ಹಲಗೆ ಮಾತ್ರ ತಲೆಗೆ ಹತ್ತಿರ, ಬೆನ್ನಿಗೆ ಗೋಡೆ. ಮತ್ತು ಎದುರಿಗೆ, ನೇರವಾಗಿ, ಬಾಗಿಲು.

"ಅಜ್ಜಿ ಬಂದ್ರೆ ಇಲ್ಲಿಂದ ಕಾಣತ್ತೆ" ಎಂದಳು ಹುಡುಗಿ. "ಅಲ್ಲಿ ಕೂತ್ರೆ ಕಾಣಲ್ಲ."

ಇಷ್ಟೇ ವಿಷಯ. ಅಂಜಿಕೆಯೂ ಅಲ್ಲ, ಹಟವೂ ಅಲ್ಲ. ಕಾಯುವವರಿಗೆ ಬಾಗಿಲು ಕಾಣಬೇಕು, ಆದರೆ ಕಾಯುವುದು ಎಲ್ಲರ ಕಣ್ಣಿಗೆ ಬೀಳಬಾರದು. ಆ ಸಂಜೆ ಅವಳು ಕುಗ್ಗಿದ ಹೈಸ್ಕೂಲನ್ನು ಹರಿದುಹಾಕಿದಳು.

ಹೊಸ ನಕ್ಷೆಗೆ ಅವಳು ತನ್ನ ಜೀವವನ್ನೇ ಸುರಿದಳು ಎಂದರೆ ಹೆಚ್ಚಲ್ಲ. ಕಿಟಕಿಗಳು ಮಗುವಿನ ಎದೆಯ ಮಟ್ಟಕ್ಕೆ ಇಳಿದವು. ಶೌಚಾಲಯ ಓಣಿಯ ತುದಿಯಿಂದ ತರಗತಿಯ ಪಕ್ಕಕ್ಕೆ ಬಂತು. ನಡುವಿನ ಗೋಡೆ ಟೀಚರ ತಲೆ ಕಾಣುವಷ್ಟು ಮಾತ್ರ ಎತ್ತರ, ಕೂತ ಮಗುವಿಗೆ ತಾನು ಒಂಟಿಯಲ್ಲ ಎಂದು ತಿಳಿಯಲಿ ಅಂತ. ಬಾಗಿಲ ಬಳಿ ಅಗಲವಾದ ಕಟ್ಟೆ, ಅಲ್ಲಿ ಅಜ್ಜಿಯೋ ಅಪ್ಪನೋ ಒಂದಷ್ಟು ಹೊತ್ತು ಕೂತು, ಮಗು ತಾನಾಗಿ ಕೈ ಬಿಡುವವರೆಗೆ ಇರಬಹುದು. ಮತ್ತೆ ಒಂದು ಮೂಲೆಯಲ್ಲಿ, ಬಾಗಿಲಿಗೆ ಮುಖ ಮಾಡಿ, ಒಂದೆರಡು ಮಕ್ಕಳು ಹಿಡಿಸುವಂಥ ಪುಟ್ಟ ಗೂಡು.

ದೊಡ್ಡ ಇಂಜಿನಿಯರು ಕೆಟ್ಟವರಲ್ಲ. ನಕ್ಷೆಯನ್ನು ಹರವಿಕೊಂಡು ಗಮನವಿಟ್ಟು ನೋಡಿದರು. "ಕಿಟಕಿ ಕೆಳಗೆ ತಂದಿದೀರಾ, ಸರಿ. ಕಿಟಕಿ ಬಾಗಿಲು ಒಳಗೆ ತೆರೆದ್ರೆ ಅದರ ಅಂಚು ಎಲ್ಲಿಗೆ ಬರತ್ತೆ ಹೇಳಿ? ಓಡ್ತಾ ಬಂದ ಮಗು ಹಣೆಗೆ ನೇರ." ಅವಳು ನಾಲಿಗೆ ಕಚ್ಚಿಕೊಂಡಳು. ಅಷ್ಟೆಲ್ಲ ನೆಲದಲ್ಲಿ ಹೊರಳಾಡಿದವಳಿಗೆ ಅದು ಹೊಳೆದಿರಲಿಲ್ಲ. ಕೆಳಭಾಗಕ್ಕೆ ತೆರೆಯದ ಗಟ್ಟಿ ಗಾಜು, ಗಾಳಿಗೆ ಮೇಲ್ಗಡೆ ಬೇರೆ ಕಿಟಕಿ ಎಂದು ಇಬ್ಬರೂ ಸೇರಿ ತಿದ್ದಿದರು.

ಆಮೇಲೆ ಅವರ ಕೆಂಪು ಪೆನ್ಸಿಲು ಗೂಡಿನ ಮೇಲೆ ನಿಂತಿತು. "ಇದೇನು?"

"ಮಕ್ಕಳಿಗೆ ಸಾರ್. ಸ್ವಲ್ಪ ಹೊತ್ತು ಒಬ್ಬರೇ ಇರಬೇಕು ಅನ್ಸಿದ್ರೆ."

"ಅಲ್ರೀ, ಶಾಲೆ ಕಟ್ಟೋದು ಎಲ್ರೂ ಜೊತೆಗಿರ್ಲಿ ಅಂತ. ಮೂಲೆ ಬಿಟ್ರೆ ಒಂದೋ ಕಸ ಸೇರತ್ತೆ, ಇಲ್ಲಾ ಮಗು ಸೇರತ್ತೆ."

"ಮಗು ಸೇರ್ಲಿ ಅಂತಾನೇ ಸಾರ್."

ಅವರು ನಕ್ಕರು, ಆದರೆ ಗೆರೆ ಎಳೆದೇಬಿಟ್ಟರು. "ಟೀಚರ್ ಕಣ್ಣಿಗೆ ಕಾಣದ ಜಾಗದಲ್ಲಿ ಏನಾದ್ರೂ ಆದ್ರೆ ನಾಳೆ ಯಾರು ಹೊಣೆ? ಬೇಡ."

ಅವಳು ಹೆಚ್ಚು ವಾದಿಸಲಿಲ್ಲ. ವಾದಿಸಿ ಅಭ್ಯಾಸವಿರಲಿಲ್ಲ. ನಕ್ಷೆಯನ್ನು ಮನೆಗೆ ತಂದು ಒಂಟಿ ಕುರ್ಚಿಯಲ್ಲಿ ಕುಳಿತು ನೋಡುತ್ತಾ ಇದ್ದಳು. ತಾರಸಿಗೆ ಹೋಗುವ ಮೆಟ್ಟಿಲು ಹಿಂದಿನ ಗೋಡೆಗೆ ಆತುಕೊಂಡಿತ್ತು. ಅದರ ಅಡಿಯ ಜಾಗ ಸುಮ್ಮನೆ ಬಿದ್ದಿತ್ತು. ಅವಳು ಮೆಟ್ಟಿಲನ್ನು ತರಗತಿಯ ಪಕ್ಕಕ್ಕೆ ಸರಿಸಿ, ಅಡಿಯ ಜಾಗ ಬಾಗಿಲಿಗೂ ಕಾಣುವಂತೆ, ಟೀಚರ ಕುರ್ಚಿಗೂ ಕಾಣುವಂತೆ ತಿರುಗಿಸಿದಳು. ಅಲ್ಲಿ 'ಚಾಪೆ, ಪೊರಕೆ ಇತ್ಯಾದಿ' ಎಂದು ಬರೆದಳು. ಅದಕ್ಕೆ ಬಾಗಿಲು ಬರೆಯಲಿಲ್ಲ. ದೊಡ್ಡ ಇಂಜಿನಿಯರು ಸಹಿ ಹಾಕಿದರು.

ನಕ್ಷೆ ಮುಗಿಯಿತು ಎಂದರೆ ಹಳೆಯ ಶಿಶುವಿಹಾರದಲ್ಲಿ ಅವಳ ಕೆಲಸವೂ ಮುಗಿಯಿತು. ಆದರೂ ಆ ವಾರ ಹೋದಳು, ಅದರ ಮುಂದಿನ ವಾರವೂ ಹೋದಳು. ಟೀಚರು ಕುರ್ಚಿ ಕೊಟ್ಟು ಮೆಲ್ಲಗೆ ಕೇಳಿದರು: "ಮೇಡಂ, ಇನ್ನೂ ಏನಾದ್ರೂ ಅಳತೆ ಬಾಕಿ ಇದೆಯಾ?"

ಕೇಳಿದ್ದರಲ್ಲಿ ತಪ್ಪಿಲ್ಲ. ಮಕ್ಕಳಿರುವ ಜಾಗಕ್ಕೆ ಕೆಲಸವಿಲ್ಲದವರು ದಿನಾ ಬಂದರೆ ಯಾರಾದರೂ ಕೇಳಲೇಬೇಕು. "ಇಲ್ಲ, ಆಯ್ತು" ಎಂದಳು. ಮೇಜಿನ ಕೆಳಗಿನ ಹುಡುಗಿ ಅವತ್ತು ಜ್ವರವೆಂದು ಬಂದಿರಲಿಲ್ಲ. ಹೇಳಿ ಹೋಗೋಣವೆಂದರೆ ಅವಳೇ ಇರಲಿಲ್ಲ. ಉದ್ದತ್ತೆ ಆ ದೊಡ್ಡ ಮೆಟ್ಟಿಲುಗಳನ್ನು ಇಳಿದು ಕಚೇರಿಗೆ ನಡೆದಳು. ಪಕ್ಕದ ಮೇಜಿನವನು "ಏನ್ ಮೇಡಂ, ಇವತ್ತು ಬೇಗ!" ಎಂದ.

ಕಟ್ಟಡದ ಕೆಲಸ ಆಮೆಯ ನಡಿಗೆಯಲ್ಲಿ ಸಾಗಿತು. ಪಾಯ ತೋಡಿದರೆ ಹಳೆಯ ಕೊಳವೆಯೊಂದು ಅಡ್ಡ ಬಂತು. ಆಮೇಲೆ ಗುತ್ತಿಗೆದಾರ ಕೈಯೆತ್ತಿದ, ಇನ್ನೊಬ್ಬ ಬರುವವರೆಗೆ ಅರ್ಧ ಗೋಡೆಗಳ ಮೇಲೆ ಹುಲ್ಲು ಬೆಳೆಯಿತು. ಕೆಲಸ ನಿಂತಿರಲಿ ನಡೆಯುತ್ತಿರಲಿ, ಸಂಜೆ ಅವಳು ಅಲ್ಲಿಗೆ ಹೋಗಿ ಒಂದು ಸುತ್ತು ಹಾಕುತ್ತಿದ್ದಳು. ಒಂದು ಸಂಜೆ ಮೇಸ್ತ್ರಿ ಮೆಟ್ಟಿಲ ಹತ್ತಿರ ತಲೆ ಕೆರೆದುಕೊಂಡು ನಿಂತಿದ್ದ.

"ಅಮ್ಮಾ, ಇದಕ್ಕೆ ಬಾಗಿಲೆಲ್ಲಿ?"

"ಬಾಗಿಲು ಬೇಡ."

"ಪೊರಕೆ ಎಲ್ಲರಿಗೂ ಕಾಣತ್ತಲ್ಲ?"

"ಕಾಣ್ಲಿ ಬಿಡಿ. ಅಂಚು ಮಾತ್ರ ದುಂಡಗೆ ಮಾಡಿ, ತಲೆಗೆ ತಾಗಬಾರದು."

"ಪೊರಕೆಗೆ ತಲೆ ಎಲ್ಲಿಂದ ಬಂತು?" ಎಂದು ಗೊಣಗಿದನಾದರೂ ಮೇಸ್ತ್ರಿ ಅಂಚನ್ನು ಬಹಳ ನಯವಾಗಿ, ಮಡಕೆಯ ಕಂಠದಂತೆ ತಿದ್ದಿದ. ಅವನಿಗೂ ಮೊಮ್ಮಕ್ಕಳಿದ್ದರು. ಅರ್ಥವಾಗದವನೇನಲ್ಲ.

ಆದರೆ ಮಕ್ಕಳು ಗುತ್ತಿಗೆದಾರನಿಗಾಗಿ ಕಾಯುವುದಿಲ್ಲವಲ್ಲ. ಕಟ್ಟಡಕ್ಕೆ ಸೂರು ಬೀಳುವಷ್ಟರಲ್ಲಿ ಹಲ್ಲು ಬಿದ್ದ ಹುಡುಗನಿಗೆ ಹೊಸ ಹಲ್ಲು ಬಂದು ಅವನು ದೊಡ್ಡ ಶಾಲೆಗೆ ಹೋಗಿದ್ದ. ಬಣ್ಣ ಬಳಿಯುವಷ್ಟರಲ್ಲಿ ಉಳಿದವರೂ ಹೋಗಿದ್ದರು. ಇದು ಅವಳಿಗೆ ಮೊದಲೇ ಗೊತ್ತಿರಬೇಕಾಗಿತ್ತು. ಕಟ್ಟಡದ ಲೆಕ್ಕ ಬೇರೆ, ಮಗುವಿನ ಲೆಕ್ಕ ಬೇರೆ. ಆದರೂ ಉದ್ಘಾಟನೆಯ ಬೆಳಿಗ್ಗೆ ಒಗೆದು ಮಡಿಸಿಟ್ಟಿದ್ದ ಸೀರೆಯುಟ್ಟು ಬಾಗಿಲಲ್ಲಿ ನಿಂತಾಗ ಅವಳ ಕಣ್ಣು ಹುಡುಕಿದ್ದು ಆ ಹಳೆಯ ಮುಖಗಳನ್ನೇ. ಒಂದೂ ಇರಲಿಲ್ಲ. ಟೀಚರೂ ವರ್ಗವಾಗಿ ಹೊಸಬರು ಬಂದಿದ್ದರು. ಯಾರೂ ಉದ್ದತ್ತೆ ಎನ್ನಲಿಲ್ಲ. ಒಂದು ಪುಟ್ಟ ಮಗು ಅವಳನ್ನು ನೋಡಿ ಅಪ್ಪನ ಕಾಲಿನ ಹಿಂದೆ ಅಡಗಿತು.

ಅಣ್ಣನಿಗೂ ಹೇಳಿದ್ದಳು. "ನೋಡ್ತೀವಿ" ಎಂದಿದ್ದ. ಖಾಲಿ ಕುರ್ಚಿಗಳಲ್ಲಿ ಎರಡನ್ನು ಅವಳು ಸ್ವಲ್ಪ ಹೊತ್ತು ಹಿಡಿದಿಟ್ಟಳು. ಆಮೇಲೆ ಯಾರೋ ಕೇಳಿದಾಗ ಬಿಟ್ಟುಕೊಟ್ಟಳು.

ಭಾಷಣಗಳು ನಡೆಯುತ್ತಿರುವಾಗಲೇ ಮೆಟ್ಟಿಲ ಕೆಳಗೆ ಒಬ್ಬ ಹುಡುಗ ಮತ್ತು ಅವನ ತಂಗಿ ಸೇರಿಕೊಂಡಿದ್ದರು. ಯಾರೂ ತೋರಿಸಿರಲಿಲ್ಲ, ನೀರು ಇಳಿಜಾರು ಹುಡುಕಿದ ಹಾಗೆ ತಾವೇ ಹುಡುಕಿಕೊಂಡಿದ್ದರು. ದೊಡ್ಡ ಇಂಜಿನಿಯರು ಸುತ್ತು ಹಾಕುತ್ತಾ ಅಲ್ಲಿಗೆ ಬಂದು ನಿಂತರು. ಗೂಡು ನೋಡಿದರು, ಆಮೇಲೆ ಅವಳನ್ನು ನೋಡಿದರು.

"ಪೊರಕೆ ಎಲ್ಲಿಡ್ತಾರೆ ಮೇಡಂ?"

"ಹಿಂದೆ ಒಂದು ಕಪಾಟಿದೆ ಸಾರ್."

ಅವರು ಟೀಚರ ಕುರ್ಚಿಯತ್ತ ಒಮ್ಮೆ ನೋಡಿ, ಅಲ್ಲಿಂದ ಇಲ್ಲಿಗೆ ಕಾಣುವುದನ್ನು ಕಣ್ಣಲ್ಲೇ ಅಳೆದರು. ಬೈಯುತ್ತಾರೆಂದು ಅವಳು ಕಾದಳು. ಅವರು ಮೊಣಕಾಲಿನ ಮೇಲೆ ಕೈಯೂರಿ ಬಗ್ಗಿ, ಒಳಗಿದ್ದವರಿಗೆ "ಹೇಗಿದೆ?" ಎಂದು ಕೇಳಿದರು. "ಹೋಗಿ" ಎಂದ ಹುಡುಗ. ಅವರು ಹೋಗಿ ಚಹಾ ಕುಡಿದರು.

ಮರುದಿನ ಅಣ್ಣನ ಫೋನು. "ಹೇಗಾಯ್ತೇ ಫಂಕ್ಷನ್ನು? ಬರ್ಬೇಕು ಅಂತಾನೇ ಇದ್ವಿ. ನಿಮ್ಮತ್ತಿಗೆಗೆ ಕಾಲು ನೋವು ನೋಡು."

"ಚೆನ್ನಾಗಾಯ್ತು ಅಣ್ಣ."

"ಒಂದಿನ ಬಾ ಮನೆ ಕಡೆ."

"ಬರ್ತೀನಿ" ಎಂದಳು. ಯಾವತ್ತು ಎಂದು ಅವನೂ ಕೇಳಲಿಲ್ಲ, ಅವಳೂ ಹೇಳಲಿಲ್ಲ.

ಇದಾಗಿ ಕೆಲವು ತಿಂಗಳಿಗೆ, ಪೇಟೆಯ ಬೀದಿಯಲ್ಲಿ ತರಕಾರಿ ಕೊಳ್ಳುತ್ತಿದ್ದಾಗ ಯಾರೋ ಸೆರಗು ಜಗ್ಗಿದರು. ನೋಡಿದರೆ ಹಳೆಯ ಶಿಶುವಿಹಾರದ ಬಾಗಿಲಲ್ಲಿ ಬೆಳಿಗ್ಗೆ ಕಾಣುತ್ತಿದ್ದ ಆ ಅಜ್ಜಿ. ಪಕ್ಕದಲ್ಲಿ ಎರಡು ಜಡೆ ಹಾಕಿಕೊಂಡು, ದೊಡ್ಡ ಶಾಲೆಯ ಚೀಲ ಹೊತ್ತು, ಮೇಜಿನ ಕೆಳಗಿನ ಹುಡುಗಿ. ಕಾಲುಗಳು ಉದ್ದವಾಗಿದ್ದವು.

"ಈ ಎತ್ತರ ನೋಡಿ ದೂರದಿಂದ್ಲೇ ಗೊತ್ತಾಯ್ತು ನಂಗೆ" ಎಂದಳು ಅಜ್ಜಿ. "ಯಾರು ಹೇಳೇ ಇವರು? ಉದ್ದತ್ತೆ! ನಿನ್ ಜೊತೆ ಮೇಜಿನ ಕೆಳಗೆ ತಲೆ ಇಟ್ಕೊಂಡು ಮಲಗ್ತಿದ್ರಲ್ಲ?"

ಹುಡುಗಿ ಉದ್ದತ್ತೆಯ ಮುಖ ನೋಡಿದಳು. ಮರ್ಯಾದೆಯಿಂದಲೇ ನೋಡಿದಳು. "ಇಲ್ಲಪ್ಪ, ನಂಗೆ ಗೊತ್ತಿಲ್ಲ" ಎಂದು ಅಜ್ಜಿಯತ್ತ ತಿರುಗಿದಳು. "ನಾನು ಮೇಜಿನ ಕೆಳಗೆ ಕೂರ್ತಿದ್ನಾ? ಸುಳ್ಳು ಹೇಳ್ತೀಯಾ!" ಎಂದು ನಕ್ಕುಬಿಟ್ಟಳು. ರಸ್ತೆಯಾಚೆ ಗೆಳತಿಯೊಬ್ಬಳು ಕೂಗಿದಳು. ಹುಡುಗಿ ಅಜ್ಜಿಯ ಕೈ ಬಿಡಿಸಿಕೊಂಡು ಓಡಿದಳು.

"ಏನ್ ಮಾಡೋದು, ಮಕ್ಕಳು" ಎಂದಳು ಅಜ್ಜಿ, ತಾನೇ ತಪ್ಪು ಮಾಡಿದವಳಂತೆ.

"ಒಳ್ಳೇದೇ ಆಯ್ತಲ್ಲಜ್ಜಿ" ಎಂದಳು ಉದ್ದತ್ತೆ. ಆ ಮಾತು ನಿಜವೇ ಆಗಿತ್ತು. ತನ್ನ ಬಾಲ್ಯದ ಆ ಗೋಡೆ, ತಾನು ಕೆರೆದ ಸುಣ್ಣ ಇವತ್ತಿಗೂ ಉಗುರಿನಲ್ಲಿ ಇದ್ದಂತೆ ಅವಳಿಗೆ ನೆನಪಿತ್ತು. ಈ ಮಗುವಿಗೆ ಏನೂ ಉಳಿದಿಲ್ಲ. ಕೈ ಬಿಡಿಸಿಕೊಂಡು ಓಡುವಷ್ಟು ಹಗುರಾಗಿದೆ. ಸಂತೋಷಪಡಬೇಕಾದದ್ದು ಇದಕ್ಕಲ್ಲದೆ ಇನ್ನಾವುದಕ್ಕೆ? ಅರ್ಧ ಮನಸ್ಸು ಸಂತೋಷಪಟ್ಟಿತು. ಉಳಿದರ್ಧ ತರಕಾರಿ ಚೀಲ ಹಿಡಿದುಕೊಂಡು ಅಲ್ಲೇ ನಿಂತಿತ್ತು.

ಮನೆಗೆ ಹೋಗುವ ಹತ್ತಿರದ ದಾರಿ ಬಿಟ್ಟು ಅವಳು ಶಿಶುವಿಹಾರದ ಬೀದಿಗೆ ತಿರುಗಿದಳು. ಶಾಲೆ ಬಿಟ್ಟಿತ್ತು. ಅವಳು ಕಿಟಕಿಯ ಹತ್ತಿರ ಬಂದು ಬಗ್ಗಿದಳು. ಸಾಲದೆ ಇನ್ನೂ ಬಗ್ಗಿ, ಕೊನೆಗೆ ಚೀಲ ಕೆಳಗಿಟ್ಟು ಮೊಣಕಾಲೂರಿ ಗಾಜಿಗೆ ಹಣೆ ತಾಗಿಸಿದಳು. ಒಳಗೆ ಪುಟ್ಟ ಕುರ್ಚಿಗಳನ್ನು ಮೇಜಿನ ಮೇಲೆ ಕವುಚಿಟ್ಟಿದ್ದರು. ಗಾಜಿನ ಒಳಮೈಯಲ್ಲಿ ಚಿಕ್ಕ ಚಿಕ್ಕ ಕೈಗಳ, ಮೂಗುಗಳ ಜಿಡ್ಡಿನ ಗುರುತು ತುಂಬ. ಮೆಟ್ಟಿಲ ಕೆಳಗೆ ಯಾರದೋ ಒಂದು ಕಾಲುಚೀಲ ಬಿದ್ದಿತ್ತು.

"ಯಾರು ಬೇಕಿತ್ತಮ್ಮ?" ಕಾವಲುಗಾರ ಬಂದ.

"ಯಾರೂ ಇಲ್ಲ. ಸುಮ್ನೆ ನೋಡ್ದೆ."

"ಮಕ್ಕಳೆಲ್ಲ ಹೋದ್ರು, ನಾಳೆ ಬರ್ತಾರೆ." ಅವಳು ಕಷ್ಟಪಟ್ಟು ಏಳುವುದನ್ನು ನೋಡಿ ಅವನು ಕೈ ಕೊಟ್ಟ. "ಯಾವ ಪುಣ್ಯಾತ್ಮ ಇಟ್ನೋ ಕಿಟಕೀನ ಇಷ್ಟು ಕೆಳಗೆ. ನೋಡೋರೆಲ್ಲ ಮಂಡಿ ಊರಬೇಕು."

"ಹೌದು" ಎಂದಳು ಅವಳು. ಸೀರೆಯ ಮಣ್ಣು ಕೊಡವಿಕೊಂಡು, ಚೀಲವೆತ್ತಿಕೊಂಡು, ಬೀದಿದೀಪಗಳು ಹತ್ತುತ್ತಿದ್ದಂತೆ ತನ್ನ ಕೋಣೆಯ ಕಡೆ ನಡೆದಳು.